ಸಿಗಡಿ ಬೇಡ ಅನ್ನೋದನ್ನು ಇವತ್ತೇ ತಿಳಿಸಿ

ಮದುವೆ ವಾರ್ಷಿಕೋತ್ಸವಕ್ಕೆ ಟೋಕಿಯೊದ ಗಿಂಜಾದಲ್ಲಿ ಒಮಾಕಾಸೆ ಸುಶಿ (ಏನು ಬಡಿಸಬೇಕು ಅನ್ನೋದನ್ನು ಬಾಣಸಿಗರೇ ತೀರ್ಮಾನಿಸುವ, ಅನ್ನದ ಮೇಲೆ ಮೀನಿಟ್ಟು ಕೊಡುವ ಊಟ) ಬುಕ್ ಮಾಡಿದ್ದೀರಿ. ನಿಮ್ಮ ಮನೆಯವರಿಗೆ ಸಿಗಡಿ ಅಲರ್ಜಿ, ಅಲ್ಲಿಗೆ ಹೋದ ಮೇಲೆ ಹೇಳಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು, ದಯವಿಟ್ಟು ಇವತ್ತೇ ಹೇಳಿ. ಎಂಟ್ಹತ್ತು ಜನ ಕೂರುವ ಇಂಥ ಕಡೆ, ಬರುವವರ ಲೆಕ್ಕ ನೋಡಿಯೇ ಮೀನು ತರಿಸುತ್ತಾರೆ. ಒಂದೇ ಕೈ, ಒಂದೇ ಹಲಗೆಯಲ್ಲಿ ಎಲ್ಲ ತಯಾರಾಗುವುದರಿಂದ ಅಲರ್ಜಿ ಎಷ್ಟು ಜೋರು ಅನ್ನೋದನ್ನೂ ತಿಳಿಸಿ. ಭಾಷೆ ಕಷ್ಟವಾದರೆ ನೀವು ಉಳಿದುಕೊಳ್ಳುವ ಹೋಟೆಲ್‌ನವರ ಕೈಲಿ ಫೋನ್ ಮಾಡಿಸಿ.

ಸೆಂಟ್ ಹಾಕ್ಕೊಂಡು ಹೋಗಬೇಡಿ. ಸುಶಿ ಮುಂದಿಟ್ಟ ಕೂಡಲೇ ಬಾಯಿಗೆ ಹಾಕಿಕೊಳ್ಳಿ, ಅನ್ನ ಆಗಿನ್ನೂ ಉಗುರುಬೆಚ್ಚಗಿರುತ್ತೆ. ಸಾಮಾನ್ಯವಾಗಿ ಮೀನಿನ ಮೇಲೆ ಸೋಯಾ ಸಾಸ್ ಅವರೇ ಸವರಿರುತ್ತಾರೆ, ಮತ್ತೆ ಅದ್ದಬೇಡಿ. ಕೈಯಲ್ಲೇ ತಿನ್ನಬಹುದು. ನನಗಂತೂ ಹಾಗೆ ತಿಂದರೇ ಜಾಸ್ತಿ ಖುಷಿ! ಟಿಪ್ಸ್ ಕೊಡುವ ಪದ್ಧತಿ ಅಲ್ಲಿಲ್ಲ.