ದುಡ್ಡು ಕಟ್ಟಿದ್ದಾಯ್ತು, ವೈನ್ ಎಲ್ಲಿ?

ಲಂಡನ್‌ನಲ್ಲಿರುವ ಓದುಗರೊಬ್ಬರ ಪತ್ರ: “ಮೂರು ವರ್ಷದ ಹಿಂದೆ ಇಲ್ಲಿನ ಒಂದು ವೈನ್ ಅಂಗಡಿಗೆ ಫ್ರಾನ್ಸಿನ ಬೋರ್ಡೋ ವೈನಿನ ಎರಡು ಕೇಸಿಗೆಂದು (ಪೆಟ್ಟಿಗೆಗೆಂದು) ಮುಂಚಿತವಾಗಿ ಪೂರ್ತಿ ಹಣ ಕಟ್ಟಿದೆ. ಕೇಸಿಗೆ 480 ಪೌಂಡ್. 50 ಪೌಂಡ್ ಕ್ರೆಡಿಟ್ ಕಾರ್ಡಿನಲ್ಲಿ, ಉಳಿದದ್ದು ಬ್ಯಾಂಕ್ ಮೂಲಕ. ಇನ್ನೂ ಬಂದಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ತಿಂಗಳು’ ಅಂತಾರೆ. ಈಗ ಅದೇ ಅಂಗಡಿಯಿಂದ ಇನ್ನೊಂದು ಆಫರ್ ಬಂದಿದೆ, ಎಲ್ಲರಿಗಿಂತ ಅಗ್ಗ. ಹಳೇದು ತಡವೋ ಮೋಸವೋ? ಹೊಸದನ್ನು ತಗೊಳ್ಳಲೇ? ಬಂದರೆ ಅಟ್ಟದಲ್ಲಿ ಇಡಬಹುದೇ?”

ಸಂಪಾದಕರ ಉತ್ತರ:

ಮೊದಲು ಎರಡನೇ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಬೇಡ. ಹಳೇ ಬಾಕಿ ಕೊಡದವರಿಗೆ ಹೊಸ ದುಡ್ಡು ಕೊಡಬೇಡಿ.

ಇನ್ನು ತಡವೋ ಮೋಸವೋ ಅನ್ನೋದು. ಬೋರ್ಡೋದಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ಮರುವರ್ಷ ಏಪ್ರಿಲ್‌ನಲ್ಲಿ ವ್ಯಾಪಾರಿಗಳೂ ವಿಮರ್ಶಕರೂ ಬಂದು ರುಚಿ ನೋಡುತ್ತಾರೆ. ವೈನ್ ಆಗಿನ್ನೂ 225 ಲೀಟರಿನ ಓಕ್ ಪೀಪಾಯಿಯಲ್ಲೇ ಇರುತ್ತದೆ. ಮೇ, ಜೂನ್ ಹೊತ್ತಿಗೆ ಬೆಲೆ ಹೊರಬೀಳುತ್ತದೆ, ಜನ ದುಡ್ಡು ಕಟ್ಟುತ್ತಾರೆ. ಬಾಟಲಿ ಕೈಗೆ ಸಿಗೋದು ಅಲ್ಲಿಂದ ಸುಮಾರು ಎರಡು ವರ್ಷಕ್ಕೆ. ಫ್ರೆಂಚರು ಇದನ್ನು ‘ಆನ್ ಪ್ರಿಮರ್’ ಎನ್ನುತ್ತಾರೆ. ಹಾಗಾಗಿ ಮೂರು ವರ್ಷ ಅಂದರೆ ಜಾಸ್ತಿಯೇ ಆಯ್ತು. ಆದರೂ ಅಷ್ಟಕ್ಕೇ ಮೋಸ ಎನ್ನಲಾಗದು.

ನಮ್ಮ ಚನ್ನಗಿರಿ ಕಡೆ ಅಡಿಕೆ ಚೇಣಿ ಹಿಡಿಯುವವರು ಗೊನೆ ಮರದ ಮೇಲಿರುವಾಗಲೇ ಮಾತು ಮುಗಿಸುವುದಿಲ್ಲವೇ? ಇದೂ ಅದೇ ಜಾತಿಯ ವ್ಯಾಪಾರ ಅಂತ ನಿಮಗೆ ಅನಿಸಬಹುದು. ಅರ್ಧ ನಿಜ. ಚೇಣಿದಾರ ತೋಟ ಸುತ್ತಿ, ಗೊನೆ ಎಣಿಸಿ, ಯಜಮಾನನ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬಂದಿರುತ್ತಾನೆ. ನಿಮಗೂ ಬೋರ್ಡೋದ ಬಳ್ಳಿಗೂ ನಡುವೆ ದಲ್ಲಾಳಿ, ಅಲ್ಲಿನ ಸಗಟು ವ್ಯಾಪಾರಿ, ನಿಮ್ಮ ಊರಿನ ಅಂಗಡಿ, ಇಷ್ಟು ಕೈಗಳಿವೆ. ನಿಮ್ಮ ಗುರುತು ಕೊನೆಯ ಕೈಯದ್ದು ಮಾತ್ರ.

ಬೆಲೆ ಇಳಿಯುವ ಅಪಾಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. 2009, 2010ರ ಬೋರ್ಡೋಗಳನ್ನು ಆಕಾಶದ ಬೆಲೆಗೆ ಕೊಂಡವರು 2011ರ ನಂತರ ಮಾರುಕಟ್ಟೆ ಇಳಿದಾಗ ಕೈ ಕೈ ಹಿಸುಕಿಕೊಂಡರು. ಬೋರ್ಡೋದ ಹೆಸರಾಂತ ವೈನ್ ತಯಾರಕರಾದ ಷಾಟೊ ಲಾತೂರ್‌ನವರಂತೂ 2012ರಲ್ಲಿ ಈ ಮುಂಗಡ ಮಾರಾಟದ ಸಹವಾಸವೇ ಬೇಡವೆಂದು ಹೊರಬಂದರು. ಆದರೆ ನಿಮ್ಮ ಚಿಂತೆ ಅದಲ್ಲ. ಬೆಲೆ ಇಳಿದರೂ ಕುಡಿಯಲು ವೈನಾದರೂ ಇರುತ್ತದಲ್ವಾ?

ನಿಮ್ಮ ಚಿಂತೆ ಅಂಗಡಿಯದ್ದು. ಅಮೆರಿಕದ ಬರ್ಕ್ಲಿಯಲ್ಲಿ ಪ್ರೀಮಿಯರ್ ಕ್ರೂ ಎಂಬ ಹೆಸರಾಂತ ವೈನ್ ಅಂಗಡಿ ಇತ್ತು. ಯುರೋಪಿನ ವೈನನ್ನು ಬೇರೆಯವರಿಗಿಂತ ಅಗ್ಗಕ್ಕೆ ಮುಂಗಡವಾಗಿ ಮಾರುತ್ತಿದ್ದರು. ಮಾಲೀಕ ಜಾನ್ ಫಾಕ್ಸ್ ತಾನು ಕೊಂಡೇ ಇರದ ವೈನಿಗೆ ಸುಳ್ಳು ಖರೀದಿ ಆರ್ಡರುಗಳನ್ನು ಲೆಕ್ಕಕ್ಕೆ ಹತ್ತಿಸುತ್ತಿದ್ದ. ಅದನ್ನು ಗಿರಾಕಿಗಳಿಗೆ ಮಾರುತ್ತಿದ್ದ. ಹಳೇ ಗಿರಾಕಿ ಗಲಾಟೆ ಮಾಡಿದರೆ ಹೊಸ ಗಿರಾಕಿಯ ದುಡ್ಡಿನಲ್ಲಿ ವೈನ್ ತಂದು ಕೊಡುತ್ತಿದ್ದ. ಮಿಕ್ಕಿದ್ದರಲ್ಲಿ ದುಬಾರಿ ಕಾರು, ಗಾಲ್ಫ್ ಕ್ಲಬ್. ನಮ್ಮೂರಲ್ಲಿ ಚೀಟಿ ನಡೆಸಿ ರಾತ್ರೋರಾತ್ರಿ ಮನೆ ಖಾಲಿ ಮಾಡಿದವರ ಕಥೆಯೇ, ಪಾತ್ರೆ ಬೇರೆ ಅಷ್ಟೆ. 2016ರ ಜನವರಿಯಲ್ಲಿ ಅಂಗಡಿ ದಿವಾಳಿ ಅರ್ಜಿ ಹಾಕಿದಾಗ ಸಾಲ ಸುಮಾರು 7 ಕೋಟಿ ಡಾಲರ್, ಆಸ್ತಿ ಸುಮಾರು 70 ಲಕ್ಷ. ಫಾಕ್ಸ್ ತಪ್ಪೊಪ್ಪಿಕೊಂಡ. ಅದೇ ಡಿಸೆಂಬರ್‌ನಲ್ಲಿ ಆರೂವರೆ ವರ್ಷ ಜೈಲಾಯ್ತು.

ಇಲ್ಲಿ ಗಮನಿಸಬೇಕಾದ್ದು ಆ ಅಗ್ಗದ ಬೆಲೆ. ಮಿಕ್ಕ ಅಂಗಡಿಗಳಿಗೆ ಗಿಟ್ಟದ ಬೆಲೆ ಇವನೊಬ್ಬನಿಗೆ ಹೇಗೆ ಗಿಟ್ಟುತ್ತದೆ? ನಿಮಗೆ ಬಂದಿರುವ ಹೊಸ ಆಫರ್ ಓದಿದಾಗ ನನಗೆ ಮೊದಲು ನೆನಪಾದದ್ದೇ ಇದು.

ಮೋಸವೇ ಇರಬೇಕು ಅಂತಲೂ ಇಲ್ಲ. ಅಂಗಡಿಯವರು ಪಾಪ ಒಳ್ಳೆಯವರೇ ಆಗಿದ್ದು, ವ್ಯಾಪಾರ ಕೆಟ್ಟು ಬಾಗಿಲು ಹಾಕಿದರೂ ನಿಮ್ಮ ಗತಿ ಅಷ್ಟೇ ಆಗಬಹುದು. ಲಂಡನ್‌ನಲ್ಲೇ 1970ರ ದಶಕದಲ್ಲಿ ಲಂಡನ್ ವೈನ್ ಕಂಪನಿ ಎಂಬುದು ಮುಳುಗಿತು. ಗಿರಾಕಿಗಳ ಕೈಯಲ್ಲಿ ‘ಈ ವೈನಿನ ಒಡೆಯರು ನೀವೇ’ ಎಂಬ ಪತ್ರ ಇತ್ತು. ಗೋದಾಮಿನ ಬಾಡಿಗೆಯನ್ನೂ ಅವರಿಂದ ವಸೂಲಿ ಮಾಡಿದ್ದರು. ಕೋರ್ಟು ಕೇಳಿದ್ದು ಒಂದೇ: ಈ ರಾಶಿಯಲ್ಲಿ ಯಾವ ಪೆಟ್ಟಿಗೆ ಯಾರದ್ದು? ಯಾರ ಪಾಲನ್ನೂ ಬೇರೆ ಎತ್ತಿಟ್ಟಿರಲಿಲ್ಲ. ವೈನ್ ಗಿರಾಕಿಗಳದ್ದಲ್ಲ ಎಂದು ತೀರ್ಪಾಯ್ತು. ಒಂದು ಬಗೆಯ ವೈನಿನ ಇಡೀ ದಾಸ್ತಾನನ್ನು ಒಬ್ಬನೇ ಕೊಂಡಿದ್ದರೂ ಅವನಿಗೂ ಸಿಗಲಿಲ್ಲ. ಕಂಪನಿ ಬೇರೆ ಕಡೆಯಿಂದ ಅದೇ ವೈನ್ ತಂದು ಕೊಡಬಹುದಿತ್ತಲ್ಲ, ಇದೇ ಪೆಟ್ಟಿಗೆ ಅಂತ ಎಲ್ಲಿ ಬರೆದಿದೆ ಅನ್ನೋದು ಕೋರ್ಟಿನ ವಾದ!

1994ರ ಇನ್ನೊಂದು ಮೊಕದ್ದಮೆಯಲ್ಲಿ ಮುಳುಗಿದ ವ್ಯಾಪಾರಿಯೊಬ್ಬ ಗಿರಾಕಿಗಳ ವೈನನ್ನು ಮಾರಾಟದ ದಾಸ್ತಾನಿನಿಂದ ಬೇರೆಯಾಗಿ ಇಟ್ಟಿದ್ದ. ಆ ಗಿರಾಕಿಗಳಿಗೆ ಹಕ್ಕು ಸಿಕ್ಕಿತು. 1995ರಲ್ಲಿ ಅಲ್ಲಿನ ಕಾನೂನು ತಿದ್ದಿ, ಗುರುತಾದ ರಾಶಿಯಲ್ಲಿ ದುಡ್ಡು ಕೊಟ್ಟವನಿಗೂ ಪಾಲು ಇದೆ ಎಂದರು. ಆದರೆ ರಾಶಿಯೇ ಇಲ್ಲದಿದ್ದರೆ? ಅಂಗಡಿಯವರು ಬೋರ್ಡೋದಿಂದ ಕೊಂಡೇ ಇಲ್ಲದಿದ್ದರೆ ಪಾಲು ಯಾವುದರಲ್ಲಿ? ಆಗ ನೀವು ಗಿರಾಕಿಯಲ್ಲ, ಅಡವಿಲ್ಲದೆ ಸಾಲ ಕೊಟ್ಟವರು. ಅಂಗಡಿಗೆ ಅಡವಿನ ಮೇಲೆ ಸಾಲ ಕೊಟ್ಟ ಬ್ಯಾಂಕಿನ ಹಿಂದೆ ಸರದಿಯಲ್ಲಿ ನಿಲ್ಲಬೇಕು. (ನಮ್ಮ 1930ರ ಸರಕು ಮಾರಾಟ ಕಾಯ್ದೆಯ 18ನೇ ಕಲಮೂ ಇದನ್ನೇ ಹೇಳುತ್ತದೆ. ಗುರುತಾಗದ ಸರಕಿನ ಒಡೆತನ ಕೈ ಬದಲಾಗುವುದಿಲ್ಲ. ಊರಲ್ಲಿ ಏನಾದರೂ ಮುಂಗಡ ಕೊಡುವಾಗಲೂ ನೆನಪಿರಲಿ.)

ಹಾಗಾದರೆ ಈಗ ಏನು ಮಾಡೋದು? ‘ಯಾವಾಗ ಬರುತ್ತೆ’ ಅಂತ ಕೇಳೋದು ಬಿಡಿ. ‘ಎಲ್ಲಿದೆ’ ಅಂತ ಕೇಳಿ. ಇಂಗ್ಲೆಂಡಿನಲ್ಲಿ ಇಂಥ ವೈನ್ ಸಾಮಾನ್ಯವಾಗಿ ಸುಂಕ ಕಟ್ಟದ ಬಾಂಡೆಡ್ ಗೋದಾಮಿನಲ್ಲಿ ಇರುತ್ತದೆ. ಒಳಗೆ ಬಂದ ಸರಕಿಗೆ ಗೋದಾಮಿನವರು ಒಂದು ರೊಟೇಷನ್ ನಂಬರ್ ಕೊಡುತ್ತಾರೆ. ಆ ನಂಬರ್ ಕೇಳಿ. ಇನ್ನೂ ಫ್ರಾನ್ಸಿನಲ್ಲೇ ಇದ್ದರೆ, ಅಲ್ಲಿನ ಸಗಟು ವ್ಯಾಪಾರಿ ಕೊಟ್ಟ ಖರೀದಿ ಚೀಟಿ ತೋರಿಸಿ ಎನ್ನಿ. ಬಂದಿದೆ ಅಂದರೆ, ಖಾಸಗಿ ಗಿರಾಕಿಗಳಿಗೂ ಜಾಗ ಕೊಡುವ ಗೋದಾಮಿನಲ್ಲಿ ನಿಮ್ಮದೇ ಹೆಸರಿಗೆ ಖಾತೆ ತೆರೆದು ‘ಇದಕ್ಕೆ ವರ್ಗಾಯಿಸಿ’ ಎನ್ನಿ. ವೈನ್ ನಿಜವಾಗಿ ಇದ್ದರೆ ಇದು ದೊಡ್ಡ ಕೆಲಸವೇ ಅಲ್ಲ. ಇಲ್ಲದಿದ್ದರೆ ಮತ್ತೆ ‘ಮುಂದಿನ ತಿಂಗಳು’ ಬರುತ್ತದೆ. ಎಲ್ಲವೂ ಇಮೇಲ್‌ನಲ್ಲೇ ಇರಲಿ, ಫೋನಿನ ಮಾತನ್ನು ಆಮೇಲೆ ಸಾಬೀತು ಮಾಡೋದು ಕಷ್ಟ.

ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟ ಸಾಲು ಆ 50 ಪೌಂಡ್! ನೀವು ಸುಮ್ನೆ ಬರೆದಿರಬಹುದು. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಕೊಂಡ ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಪೌಂಡ್ ಮೀರದಿದ್ದರೆ, ಅಂಗಡಿ ಕೈಕೊಟ್ಟಾಗ ಕ್ರೆಡಿಟ್ ಕಾರ್ಡ್ ಕಂಪನಿಯೂ ಹೊಣೆ. ಸ್ವಲ್ಪ ಹಣವನ್ನಷ್ಟೇ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಬೆಲೆಗೆ ಕೇಳಬಹುದು. ಡೆಬಿಟ್ ಕಾರ್ಡಿಗೆ ಈ ಸೆಕ್ಷನ್ ಇಲ್ಲ. ರಸೀದಿ, ಕಾರ್ಡಿನ ಸ್ಟೇಟ್‌ಮೆಂಟ್ ಎರಡನ್ನೂ ಇವತ್ತೇ ಹುಡುಕಿ ಒಂದು ಕಡೆ ಇಡಿ. ಆ 50 ಪೌಂಡ್ ಎರಡು ಕೇಸಿಗೂ ಸೇರಿದ್ದೋ ಒಂದಕ್ಕೆ ಮಾತ್ರವೋ ರಸೀದಿಯಲ್ಲಿ ನೋಡಿಕೊಳ್ಳಿ. ಅಂಗಡಿಗೆ ಕೊನೆಯ ಗಡುವು ಎರಡು ವಾರ ಕೊಟ್ಟು, ಆಮೇಲೆ ಕಾರ್ಡಿನವರಿಗೆ ಬರೆಯಿರಿ.

ಇನ್ನು ಅಟ್ಟ. ಬೇಡ ಮಾರಾಯ್ರೇ. ಲಂಡನ್ನಿನ ಮನೆಗಳ ಅಟ್ಟ ಬೇಸಿಗೆಯಲ್ಲಿ ಕಾದು ಚಳಿಗಾಲದಲ್ಲಿ ಕೊರೆಯುತ್ತದೆ, ವೈನಿಗೆ ಆ ಏರಿಳಿತ ಆಗೋದಿಲ್ಲ. ಕೆಳಗಿನ ಮಹಡಿಯಲ್ಲಿ, ಬಾಯ್ಲರ್ ಪಕ್ಕದಲ್ಲಿಲ್ಲದ, ಕತ್ತಲೆ ಕಪಾಟು ಇದ್ದರೆ ಸಾಕು. ಬಾಟಲಿಗಳನ್ನು ಮಲಗಿಸಿ ಇಡಿ, ಬಿರಡೆ ಒಣಗಬಾರದು. ಮೆಟ್ಟಿಲ ಕೆಳಗಿನ ಕಪಾಟಿನಿಂದ ನಿಮ್ಮ ಮನೆಯವರು ವ್ಯಾಕ್ಯೂಮ್ ಕ್ಲೀನರ್ ತೆಗೆಯಲು ಒಪ್ಪಿದರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.