ಬೇಸ್‌ಬಾಲ್ ಪ್ರಶ್ನೋತ್ತರ: ಸೋಲುತ್ತಿರುವ ಸ್ಟಾರ್ಟರ್‌ನನ್ನು ಬುಲ್‌ಪೆನ್‌ಗೆ ಕಳಿಸಬೇಕೆ?

ಪ್ರಶ್ನೆ: ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಸಂಜೆ ಟಿವಿಯಲ್ಲಿ ಬೇಸ್‌ಬಾಲ್ ಹಾಕುತ್ತಾರೆ. ‘ಇವನನ್ನು ಬುಲ್‌ಪೆನ್‌ಗೆ ಹಾಕಬೇಕು’ ಎಂದು ಮಗ, ಸೊಸೆ ಇಬ್ಬರೂ ಗೊಣಗುತ್ತಿರುತ್ತಾರೆ. ಕ್ರಿಕೆಟ್ ಬಿಟ್ಟರೆ ನಮಗೆ ಬೇರೆ ಆಟ ಗೊತ್ತಿಲ್ಲ. ಹಾಗೆಂದರೇನು?
(ಧಾರವಾಡದ ಓದುಗರು)

ಉತ್ತರ: ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು ಪಿಚರ್. ತನ್ನ ತಂಡದ ಪರ ಪಂದ್ಯದ ಮೊದಲ ಎಸೆತ ಹಾಕುವ ಪಿಚರ್ ಸ್ಟಾರ್ಟರ್. ಅಮೆರಿಕದ ಅಗ್ರ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್; ಒಂದೊಂದರಲ್ಲೂ ಎರಡೂ ತಂಡಗಳು ಸರದಿಯಂತೆ ಮೂರು ಔಟ್ ಆಗುವವರೆಗೆ ಬ್ಯಾಟ್ ಮಾಡುತ್ತವೆ. ಸಾಮಾನ್ಯವಾಗಿ ಐವರು ಸ್ಟಾರ್ಟರ್‌ಗಳು ಸರದಿಯಂತೆ ಆಡುತ್ತಾರೆ. ಒಬ್ಬೊಬ್ಬರೂ ಸುಮಾರು 90ರಿಂದ 100 ಎಸೆತ ಹಾಕಿ, ಐದಾರು ಇನಿಂಗ್ಸ್ ಮುಗಿಸಿ, ನಾಲ್ಕೈದು ದಿನ ತೋಳಿಗೆ ವಿರಾಮ ಕೊಡುತ್ತಾರೆ. ಉಳಿದ ಇನಿಂಗ್ಸ್‌ಗಳನ್ನು ಮುಗಿಸಿಕೊಡುವವರು ರಿಲೀವರ್‌ಗಳು. ಅವರು ಕೂತು ಕಾಯುವ, ತೋಳು ಕಾಯಿಸಿಕೊಳ್ಳುವ ಜಾಗ ಬುಲ್‌ಪೆನ್. ಆ ಗುಂಪಿಗೂ ಅದೇ ಹೆಸರು.

ಕ್ರಿಕೆಟ್ ನೋಡುವವರಿಗೆ ಒಂದು ವ್ಯತ್ಯಾಸ ಮೊದಲೇ ಗೊತ್ತಿರಬೇಕು. ಕ್ರಿಕೆಟ್‌ನಲ್ಲಿ ಮೂರು ಓವರ್ ಹಾಕಿಸಿ ನಿಲ್ಲಿಸಿದ ಬೌಲರ್‌ನನ್ನು ಕೊನೆಗೆ ಮತ್ತೆ ಕರೆಯಬಹುದು. ಮೇಜರ್ ಲೀಗ್‌ನಲ್ಲಿ ಬದಲಿ ಆಟಗಾರ ಬಂದ ಮೇಲೆ ಹೊರಗೆ ಹೋದವನಿಗೆ ಆ ದಿನದ ಆಟ ಮುಗಿದಂತೆ. ಹಾಗಾಗಿ ಯಾರು ಆರಂಭಿಸಬೇಕು, ಯಾರು ಆಮೇಲೆ ಬರಬೇಕು ಎಂಬ ತೀರ್ಮಾನಕ್ಕೆ ಅಷ್ಟು ಬೆಲೆ.

ಪ್ರಶ್ನೆ: ನಮ್ಮ ತಂಡದ ಸ್ಟಾರ್ಟರ್ ಮೊದಲ ಮೂರು ಇನಿಂಗ್ಸ್ ಚೆನ್ನಾಗಿಯೇ ಹಾಕುತ್ತಾನೆ. ನಾಲ್ಕು, ಐದರ ಹೊತ್ತಿಗೆ ಹೊಡೆಸಿಕೊಳ್ಳುತ್ತಾನೆ. ಇಆರ್‌ಎ 5 ದಾಟಿದೆ. ಇಂಥವನನ್ನು ಬುಲ್‌ಪೆನ್‌ಗೆ ಕಳಿಸಲೇಬೇಕಲ್ಲವೇ?
(ಷಿಕಾಗೊದ ಓದುಗರು)

ಉತ್ತರ: ಕಳಿಸಬಹುದು, ಆದರೆ ಇಆರ್‌ಎ ನೋಡಿ ಕಳಿಸಬೇಡಿ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎನ್ನುವುದನ್ನಷ್ಟೇ ಅದು ಹೇಳುತ್ತದೆ. ಯಾವಾಗ ಕೊಟ್ಟ, ಯಾಕೆ ಕೊಟ್ಟ ಎನ್ನುವುದು ಅದರಲ್ಲಿ ಕಾಣುವುದಿಲ್ಲ.

ಬ್ಯಾಟಿಂಗ್ ಸರದಿಯಲ್ಲಿ ಒಂಬತ್ತು ಜನ. ಸ್ಟಾರ್ಟರ್ 18 ಜನರನ್ನು ಎದುರಿಸಿದರೆ ಎದುರಾಳಿ ಎರಡು ಸುತ್ತು ಮುಗಿಸಿದಂತೆ. ಮೂರನೇ ಸುತ್ತಿಗೆ ಬರುವ ಬ್ಯಾಟರ್ ಅವನ ಫಾಸ್ಟ್‌ಬಾಲ್ (ನೇರ ವೇಗದ ಎಸೆತ) ಎಲ್ಲಿ ಏಳುತ್ತದೆ, ಸ್ಲೈಡರ್ (ಪಕ್ಕಕ್ಕೆ ಬಾಗುವ ಎಸೆತ) ಎಲ್ಲಿಂದ ಬಾಗುತ್ತದೆ ಎಂದು ಅದೇ ಸಂಜೆ ಎರಡು ಸಲ ನೋಡಿರುತ್ತಾನೆ. ಒಟ್ಟು ಲೀಗ್‌ನಲ್ಲಿಯೇ ಬ್ಯಾಟರ್‌ಗಳು ಸುತ್ತಿನಿಂದ ಸುತ್ತಿಗೆ ಮೇಲಾಗುತ್ತಾರೆ. ಎರಡೇ ಬಗೆಯ ಒಳ್ಳೆಯ ಎಸೆತವಿರುವ ಪಿಚರ್‌ಗೆ ಇದರ ಹೊಡೆತ ಜಾಸ್ತಿ.

ಬೇಸ್‌ಬಾಲ್ ರೆಫರೆನ್ಸ್ ತಾಣದಲ್ಲಿ ಆ ಪಿಚರ್‌ನ ಸ್ಪ್ಲಿಟ್ಸ್ ಪುಟ ತೆರೆದರೆ ಸುತ್ತಿನ ಲೆಕ್ಕದಲ್ಲಿ ಅಂಕಿಗಳು ಸಿಗುತ್ತವೆ. ಬ್ಯಾಟರ್‌ಗಳ ಓಪಿಎಸ್ ಸಾಲು ನೋಡಿ. ಬೇಸ್ ತಲುಪುವ ಪ್ರಮಾಣ, ಹೊಡೆತದ ಬಲ ಎರಡನ್ನೂ ಕೂಡಿಸಿದ ಅಂಕಿ ಅದು; ಹೆಚ್ಚಿದ್ದಷ್ಟೂ ಪಿಚರ್‌ಗೆ ಕೆಟ್ಟದ್ದು. ಉದಾಹರಣೆಗೆ ಮೊದಲ ಸುತ್ತಿನಲ್ಲಿ 0.650, ಎರಡರಲ್ಲಿ 0.720, ಮೂರರಲ್ಲಿ 0.900 ಇದ್ದರೆ ಬುಲ್‌ಪೆನ್‌ಗೆ ಅವನು ಹೇಳಿಮಾಡಿಸಿದ ಹಾಗಿದ್ದಾನೆ. ಮೊದಲ ಸುತ್ತಿನಲ್ಲೇ 0.850 ಇದ್ದರೆ ತೊಂದರೆ ಬೇರೆಲ್ಲೋ ಇದೆ. ಏಳನೇ ಇನಿಂಗ್ಸ್‌ನಲ್ಲಿ ಕಳಿಸಿದರೂ ಅವನು ಎದುರಿಸುವುದು ಆ ಮೊದಲ ಸುತ್ತನ್ನೇ ತಾನೆ.

ಇನ್ನೊಂದು ಸಾಲನ್ನೂ ಬಿಡಬೇಡಿ. ಆಟದೊಳಗೆ ಬಿದ್ದ ಚೆಂಡುಗಳಲ್ಲಿ ಎಷ್ಟು ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪಿದ್ದು) ಆದವು ಎಂಬ ಲೆಕ್ಕ ಸಾಮಾನ್ಯವಾಗಿ 0.300ರ ಸುತ್ತಮುತ್ತ ಇರುತ್ತದೆ. ಅವನದು 0.350 ಆಗಿದ್ದು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಎರಡೂ ಹಿಂದಿನ ವರ್ಷದಂತೆಯೇ ಇದ್ದು, ವೇಗವೂ ಕುಂದಿಲ್ಲವಾದರೆ ಇನ್ನೂ ನಾಲ್ಕೈದು ಪಂದ್ಯ ಕಾಯುವುದು ಮೇಲು. ಫೀಲ್ಡರ್‌ಗಳ ದೌರ್ಬಲ್ಯ, ದುರದೃಷ್ಟ ಇವಕ್ಕೆ ಬುಲ್‌ಪೆನ್ ಮದ್ದಲ್ಲ. ವೇಗವೇ ಗಂಟೆಗೆ ಎರಡು ಮೈಲಿ ಬಿದ್ದಿದ್ದರೆ ಮೊದಲು ಭುಜ, ಮೊಣಕೈ ಪರೀಕ್ಷೆ ಆಗಬೇಕು. ನೋವಿರುವ ತೋಳನ್ನು ದಿನ ಬಿಟ್ಟು ದಿನ ಎಸೆಯುವ ಕೆಲಸಕ್ಕೆ ಹಚ್ಚುವುದು ದೊಡ್ಡ ತಪ್ಪು.

ಪ್ರಶ್ನೆ: ಅದೇ ಮನುಷ್ಯ, ಅದೇ ತೋಳು. ಜಾಗ ಬದಲಾದ ಮಾತ್ರಕ್ಕೆ ಅಷ್ಟು ಸುಧಾರಿಸುವುದು ಹೇಗೆ?
(ಬೆಂಗಳೂರಿನ ಓದುಗರು)

ಉತ್ತರ: ಸ್ಟಾರ್ಟರ್ ಆರನೇ ಇನಿಂಗ್ಸ್‌ಗೂ ಶಕ್ತಿ ಉಳಿಸಿಕೊಂಡು ಎಸೆಯಬೇಕು. ರಿಲೀವರ್‌ಗೆ 15ರಿಂದ 20 ಎಸೆತ ಹಾಕಿದರೆ ಸಾಕು, ಇದ್ದಬದ್ದ ಶಕ್ತಿಯನ್ನೆಲ್ಲ ಅಷ್ಟರಲ್ಲೇ ಸುರಿಯಬಹುದು. ಬಹಳಷ್ಟು ಪಿಚರ್‌ಗಳಿಗೆ ಫಾಸ್ಟ್‌ಬಾಲ್ ವೇಗ ಗಂಟೆಗೆ ಒಂದೆರಡು ಮೈಲಿ ಏರುತ್ತದೆ. ಮೂರನೇ, ನಾಲ್ಕನೇ ಎಸೆತವನ್ನು ಪಕ್ಕಕ್ಕಿಡಬಹುದು. ಚೇಂಜಪ್ (ಬ್ಯಾಟರ್‌ನನ್ನು ಏಮಾರಿಸುವ ನಿಧಾನದ ಎಸೆತ) ಹಿಡಿತಕ್ಕೆ ಬರುತ್ತಿಲ್ಲ ಎಂದು ವರ್ಷಗಟ್ಟಲೆ ಒದ್ದಾಡಿದವನು ಅದನ್ನು ಬಿಟ್ಟು ಫಾಸ್ಟ್‌ಬಾಲ್, ಸ್ಲೈಡರ್ ಎರಡರಲ್ಲೇ ಬದುಕಬಹುದು.

ವೇಡ್ ಡೇವಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಟ್ಯಾಂಪಾ ಬೇಯಿಂದ ಕಾನ್ಸಾಸ್ ಸಿಟಿ ರಾಯಲ್ಸ್‌ಗೆ ಬಂದ ಅವರು 2013ರಲ್ಲಿ 24 ಪಂದ್ಯ ಆರಂಭಿಸಿದರು. ಆ ವರ್ಷದ ಇಆರ್‌ಎ 5.32. 2014ರಲ್ಲಿ ಬುಲ್‌ಪೆನ್‌ಗೆ ಹೋದರು: 72 ಇನಿಂಗ್ಸ್, 109 ಸ್ಟ್ರೈಕ್‌ಔಟ್, ಇಆರ್‌ಎ 1.00, ಕೊಟ್ಟ ಹೋಮ್ ರನ್ ಸೊನ್ನೆ. ಫಾಸ್ಟ್‌ಬಾಲ್ ವೇಗ ಮೂರು ಮೈಲಿಗೂ ಹೆಚ್ಚು ಏರಿತ್ತು. ಲೀಗ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ 2015ರ ಕೊನೆಯ ಔಟ್ ಪಡೆದವರೂ ಅವರೇ. ಅದೇ ತಂಡದ ಲ್ಯೂಕ್ ಹೋಚೆವರ್ 2006ರ ಡ್ರಾಫ್ಟ್‌ನ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಪದ್ಧತಿ) ಮೊಟ್ಟಮೊದಲ ಆಯ್ಕೆ. 2012ರಲ್ಲಿ ಸ್ಟಾರ್ಟರ್ ಆಗಿ 5.73 ಇಆರ್‌ಎ, ಮರುವರ್ಷ ರಿಲೀವರ್ ಆಗಿ 1.92.

ಬಾಲ್ಟಿಮೋರ್‌ನ ಝ್ಯಾಕ್ ಬ್ರಿಟನ್ ಅವರಿಗೆ ಇದ್ದದ್ದು ನೆಲಕ್ಕಿಳಿಯುವ ಸಿಂಕರ್. ಸ್ಟಾರ್ಟರ್ ಆಗಿ ಅದೊಂದೇ ಸಾಲಲಿಲ್ಲ. 2014ರಲ್ಲಿ ಬುಲ್‌ಪೆನ್ ಸೇರಿ, 2016ರಲ್ಲಿ 47 ಅವಕಾಶಗಳಲ್ಲಿ 47 ಸೇವ್ (ಸಣ್ಣ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿದ್ದು) ಮಾಡಿ 0.54 ಇಆರ್‌ಎ ದಾಖಲಿಸಿದರು. ಮರಿಯಾನೊ ರಿವೇರಾ ಕೂಡ 1995ರಲ್ಲಿ ಹತ್ತು ಪಂದ್ಯ ಆರಂಭಿಸಿ, ಆ ವರ್ಷ 5.51 ಇಆರ್‌ಎ ಇದ್ದವರು. ನಿವೃತ್ತರಾದಾಗ ಅವರ ಸೇವ್‌ಗಳು 652.

ಈ ನಾಲ್ವರಲ್ಲಿ ಯಾರೂ ಕೆಟ್ಟ ಪಿಚರ್ ಆಗಿರಲಿಲ್ಲ. ಅವರ ಕೈಯಲ್ಲಿದ್ದ ಸರಕು ನೂರು ಎಸೆತಕ್ಕೆ ಸಾಲದೆ, ಇಪ್ಪತ್ತು ಎಸೆತಕ್ಕೆ ಧಾರಾಳವಾಗಿತ್ತು. ಬುಲ್‌ಪೆನ್‌ಗೆ ಹೋಗುವುದನ್ನು ಹಿಂಬಡ್ತಿ ಎಂದು ಬರೆಯುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಪ್ರಶ್ನೆ: ಬದಲಾವಣೆಯನ್ನು ದಿನದಿನದ ಲೆಕ್ಕದಲ್ಲಿ ಹೇಗೆ ಮಾಡುತ್ತಾರೆ? ನಾವು ಕೆಲವು ಗೆಳೆಯರು ಇಲ್ಲಿನ ಹವ್ಯಾಸಿ ಲೀಗ್‌ನಲ್ಲಿ ತಂಡ ನಡೆಸುತ್ತೇವೆ.
(ಡಲ್ಲಾಸ್‌ನ ಓದುಗರು)

ಉತ್ತರ: ಕೊನೆಯ ಸ್ಟಾರ್ಟ್ ಆದ ಮೇಲೆ ಎಂದಿನಂತೆ ನಾಲ್ಕು ದಿನ ವಿರಾಮ ಕೊಡಿ. ಮೊದಲ ಸಲ ಇನಿಂಗ್ಸ್ ಆರಂಭದಲ್ಲಿ, ಬೇಸ್ ಖಾಲಿ ಇರುವಾಗ, ಅಂತರ ನಾಲ್ಕೈದು ರನ್ ಇರುವಾಗ ಇಳಿಸಿ. ಮುಂದಿನದು ಎರಡು ದಿನ ಬಿಟ್ಟು, ಅದರ ಮುಂದಿನದು ಒಂದು ದಿನ ಬಿಟ್ಟು. ತೋಳು ಇದಕ್ಕೆ ಒಗ್ಗಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಸತತ ಎರಡು ದಿನ. ಮೂರನೇ ವಾರಕ್ಕೆ ಮುಂಚೆ ಅದು ಬೇಡ. ಹವ್ಯಾಸಿ ಆಟಗಾರರಿಗಂತೂ ಸತತ ಎರಡು ದಿನವೇ ಬೇಡ.

ನಿಜವಾದ ಪರೀಕ್ಷೆ ತೋಳು ಕಾಯಿಸುವುದರಲ್ಲಿದೆ. ಸ್ಟಾರ್ಟರ್‌ಗೆ ಪಂದ್ಯ ಎಷ್ಟು ಗಂಟೆಗೆ ಎಂದು ಗೊತ್ತಿರುತ್ತದೆ. ಅರ್ಧ ಗಂಟೆ ಮೊದಲೇ ಶುರುಮಾಡಿ, ದೂರ ದೂರ ಎಸೆದು, ಮೂವತ್ತು ನಲವತ್ತು ಎಸೆತದಲ್ಲಿ ನಿಧಾನವಾಗಿ ಬಿಸಿಯಾಗುತ್ತಾನೆ. ರಿಲೀವರ್‌ಗೆ ಬುಲ್‌ಪೆನ್ ಫೋನ್ ಬಾರಿಸಿದಾಗಲೇ ಗೊತ್ತಾಗುವುದು. ಎಂಟು ಹತ್ತು ನಿಮಿಷದೊಳಗೆ ಸಿದ್ಧನಾಗಬೇಕು. ಹಾಗಾಗಿ ಮೂರನೇ ಇನಿಂಗ್ಸ್‌ನಿಂದಲೇ ಎದ್ದು ಓಡಾಡಿ, ರಬ್ಬರ್ ಪಟ್ಟಿ ಎಳೆದು ಭುಜ ಸಡಿಲ ಮಾಡಿಕೊಂಡಿರಬೇಕು. ಫೋನ್ ಬಂದ ಮೇಲೆ ಕ್ಯಾಚರ್ (ಎಸೆತ ಹಿಡಿಯುವವನು) ನಿಂತಿರುವಾಗಲೇ ನಾಲ್ಕೈದು ಹಗುರ ಎಸೆತ. ಅವನು ಕುಕ್ಕರುಗಾಲಲ್ಲಿ ಕೂತ ಮೇಲೆ ಪ್ಲೇಟ್‌ನ (ಬ್ಯಾಟರ್ ಪಕ್ಕದ ಬಿಳಿ ಹಲಗೆ) ಎರಡೂ ಅಂಚಿಗೆ ಆರೇಳು ಫಾಸ್ಟ್‌ಬಾಲ್, ನಂತರ ನಾಲ್ಕೈದು ಸ್ಲೈಡರ್. ಕೊನೆಯ ಮೂರು ನಾಲ್ಕು ಹೆಚ್ಚುಕಡಿಮೆ ಪೂರ್ತಿ ವೇಗದಲ್ಲಿ. ಒಟ್ಟು 20 ದಾಟಬಾರದು. ಮೈದಾನದ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಮೇಲೆ ಇನ್ನು ಕೆಲವೇ ಸಿಗುತ್ತವೆ, ಅದೂ ಗಡಿಯಾರದ ಮಿತಿಯೊಳಗೆ. ಪಂದ್ಯವಿಲ್ಲದ ದಿನ ಇದನ್ನು ಗಡಿಯಾರ ಹಿಡಿದು ಎರಡು ಮೂರು ಸಲ ಮಾಡಿಸಿ.

ಬೇಸ್ ಮೇಲೆ ಓಟಗಾರರಿರುವಾಗ ಬರಬೇಕಾದ ಸಂದರ್ಭಗಳೇ ಹೆಚ್ಚಾದ್ದರಿಂದ ಅನೇಕರು ಪೂರ್ಣ ವೈಂಡಪ್ (ಎಸೆಯುವ ಮುನ್ನಿನ ಉದ್ದನೆಯ ಚಲನೆ) ಬಿಟ್ಟು ಎಲ್ಲ ಎಸೆತಗಳನ್ನೂ ಸ್ಟ್ರೆಚ್ (ಪಕ್ಕಕ್ಕೆ ತಿರುಗಿ ನಿಂತು ಚುಟುಕಾಗಿ ಎಸೆಯುವ) ನಿಲುವಿನಿಂದಲೇ ಹಾಕುತ್ತಾರೆ. ಚಲನೆ ಒಂದೇ ಆದರೆ ತಪ್ಪುವ ಜಾಗಗಳೂ ಕಡಿಮೆ.

ಪ್ರಶ್ನೆ: ಬುಲ್‌ಪೆನ್‌ಗೆ ಹಾಕಿದರೂ ಸುಧಾರಿಸದವರೂ ಇದ್ದಾರಲ್ಲ. ಎಲ್ಲಿ ಎಡವುತ್ತಾರೆ?
(ಮೈಸೂರಿನ ಓದುಗರು)

ಉತ್ತರ: ಮೊದಲನೆಯದು ವಾಕ್. ಒಂಬತ್ತು ಇನಿಂಗ್ಸ್‌ಗೆ ಐದು ವಾಕ್ ಕೊಡುವವನು ನಾಲ್ಕು ರನ್ ಮುನ್ನಡೆ ಇರುವ ಎರಡನೇ ಇನಿಂಗ್ಸ್‌ನಲ್ಲಿ ಹೇಗೋ ಬಚಾವಾಗುತ್ತಾನೆ. ಒಂದೇ ರನ್ ಮುನ್ನಡೆಯ ಎಂಟನೇ ಇನಿಂಗ್ಸ್‌ನಲ್ಲಿ ಅದೇ ವಾಕ್ ಪಂದ್ಯವನ್ನೇ ಕಸಿಯುತ್ತದೆ. ಕೆಲವರಿಗೆ ಎಸೆತಗಳ ಬಗೆ ಕಡಿಮೆಯಾದಾಗ ನಿಯಂತ್ರಣವೂ ಕೂಡಿಬರುತ್ತದೆ ಎಂಬುದು ನಿಜ. ಎಡಗೈ ಪಿಚರ್ ಆಂಡ್ರ್ಯೂ ಮಿಲ್ಲರ್ 2011ರಲ್ಲಿ ಬಾಸ್ಟನ್‌ನಲ್ಲಿ 5.54 ಇಆರ್‌ಎ ಇದ್ದವರು. ಬುಲ್‌ಪೆನ್‌ಗೆ ಹೋಗಿ ಫಾಸ್ಟ್‌ಬಾಲ್, ಸ್ಲೈಡರ್‌ಗಳನ್ನೇ ನೆಚ್ಚಿಕೊಂಡು, 2016ರಲ್ಲಿ ಕ್ಲೀವ್‌ಲ್ಯಾಂಡ್ ಪರ ಅಮೆರಿಕನ್ ಲೀಗ್ ಫೈನಲ್ ಸರಣಿಯ ಶ್ರೇಷ್ಠ ಆಟಗಾರರಾದರು. ಆದರೆ ಅದನ್ನು ನಂಬಿಕೊಂಡು ಯೋಜನೆ ಹಾಕಬಾರದು.

ಎರಡನೆಯದು ಬಿಗಿ. ‘ಪೂರ್ತಿ ವೇಗ’ ಎಂದ ಕೂಡಲೇ ಹಿಡಿತ ಗಟ್ಟಿಯಾಗುತ್ತದೆ, ಮುಂಗಾಲು ಇಳಿಯುವ ಮುನ್ನವೇ ಎದೆ ತಿರುಗಿಬಿಡುತ್ತದೆ, ತೋಳು ಹಿಂದೆ ಉಳಿಯುತ್ತದೆ. ಫಾಸ್ಟ್‌ಬಾಲ್ ಎತ್ತರಕ್ಕೆ ಹೋಗುತ್ತದೆ, ಸ್ಲೈಡರ್ ಬಾಗದೆ ಪ್ಲೇಟ್ ನಡುವೆ ತೇಲುತ್ತದೆ. ಬುಲ್‌ಪೆನ್‌ನಲ್ಲಿ ಕೊನೆಯ ಎಸೆತಗಳನ್ನು ಶೇಕಡ 90ರ ಬಲದಲ್ಲಿ ಹಾಕಿ ನಿಲ್ಲಿಸುವುದು ಇದಕ್ಕೆ ಸರಳ ಪರಿಹಾರ.

ಮೂರನೆಯದು ಯಾರ ಕಣ್ಣಿಗೂ ಬೀಳದ್ದು. ತೋಳು ಕಾಯಿಸಿ, ಆಡಿಸದೆ ಕೂರಿಸಿದ ದಿನಗಳು. ಅಂಕಿಪಟ್ಟಿಯಲ್ಲಿ ಆ ದಿನ ವಿರಾಮ ಎಂದೇ ಕಾಣುತ್ತದೆ. ತೋಳಿನ ಲೆಕ್ಕದಲ್ಲಿ 20 ಎಸೆತ ಖರ್ಚಾಗಿದೆ. ಒಂದೇ ಸಂಜೆ ಎರಡು ಸಲ ಎಬ್ಬಿಸಿದರೆ 40. ಈ ಎಸೆತಗಳನ್ನೂ ಬರೆದಿಡದ ತಂಡ ಜುಲೈ ಹೊತ್ತಿಗೆ ‘ಇವನ ವೇಗ ಯಾಕೆ ಬಿತ್ತು’ ಎಂದು ತಲೆ ಕೆರೆದುಕೊಳ್ಳುತ್ತದೆ.

ಇನ್ನೊಂದು ಮಾತು. 2020ರಿಂದ ಮೇಜರ್ ಲೀಗ್‌ನಲ್ಲಿ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನಿಂಗ್ಸ್ ಮುಗಿಯಬೇಕು. ಗಾಯ, ಅಸ್ವಸ್ಥತೆಗೆ ಮಾತ್ರ ವಿನಾಯಿತಿ. ಎಡಗೈ ಬ್ಯಾಟರ್‌ಗಳ ಮುಂದೆ ಮಾತ್ರ ನಡೆಯುವ ಪಿಚರ್‌ನನ್ನು ಒಬ್ಬನಿಗಾಗಿ ಕರೆದು ವಾಪಸು ಕಳಿಸುವ ಕಾಲ ಹೋಯಿತು.

ಪ್ರಶ್ನೆ: ಸಂಬಳ ಕಡಿಮೆಯಾಗುತ್ತದೆಯೇ?
(ತುಮಕೂರಿನ ಓದುಗರು)

ಉತ್ತರ: ನಡೆಯುತ್ತಿರುವ ಒಪ್ಪಂದದ ಮೂಲ ಸಂಬಳ ಬದಲಾಗುವುದಿಲ್ಲ. ಇನಿಂಗ್ಸ್ ಅಥವಾ ಸ್ಟಾರ್ಟ್‌ಗಳ ಸಂಖ್ಯೆಗೆ ಕಟ್ಟಿದ ಬೋನಸ್ ಇದ್ದರೆ ಅದು ಕೈತಪ್ಪಬಹುದು. ಮುಂದಿನ ಒಪ್ಪಂದದಲ್ಲಿ ವ್ಯತ್ಯಾಸ ಕಾಣುತ್ತದೆ, ಒಳ್ಳೆಯ ಸ್ಟಾರ್ಟರ್‌ಗೆ ಮಾರುಕಟ್ಟೆ ಬೆಲೆ ಹೆಚ್ಚು. ಆಟಗಾರನಿಗೆ ಈ ಮಾತು ಮನಸ್ಸಿಗೆ ನಾಟುತ್ತದೆ, ಆದ್ದರಿಂದ ಮ್ಯಾನೇಜರ್ ಪತ್ರಿಕೆಯವರಿಗೆ ಹೇಳುವ ಮುನ್ನ ಅವನಿಗೇ ಎದುರು ಕೂರಿಸಿ ಹೇಳುವುದು ಸೌಜನ್ಯ.

ಪ್ರಶ್ನೆ: ಒಮ್ಮೆ ಹೋದವನು ಮತ್ತೆ ಸ್ಟಾರ್ಟರ್ ಆಗಬಹುದೇ? ನಡುವಿನ ದಾರಿ ಏನಾದರೂ ಇದೆಯೇ?
(ಸಿಯಾಟಲ್‌ನ ಓದುಗರು)

ಉತ್ತರ: ಆಗಬಹುದು. ಅಟ್ಲಾಂಟದ ಜಾನ್ ಸ್ಮೋಲ್ಟ್ಜ್ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ 2001ರಲ್ಲಿ ಬುಲ್‌ಪೆನ್ ಸೇರಿ, 2002ರಲ್ಲಿ 55 ಸೇವ್ ಮಾಡಿ, 2005ರಲ್ಲಿ ಸ್ಟಾರ್ಟರ್ ಆಗಿ ಮರಳಿದರು. ಸ್ಯಾನ್ ಫ್ರಾನ್ಸಿಸ್ಕೊದ ಟಿಮ್ ಲಿನ್ಸೆಕಮ್ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಸಲ ಗೆದ್ದವರು. 2012ರಲ್ಲಿ ಅವರ ಇಆರ್‌ಎ 5.18ಕ್ಕೆ ಏರಿ ಹದಗೆಟ್ಟಿತು. ಆ ಅಕ್ಟೋಬರ್‌ನಲ್ಲಿ ಹೆಚ್ಚಾಗಿ ಬುಲ್‌ಪೆನ್‌ನಿಂದಲೇ ಬಂದು ತಂಡಕ್ಕೆ ಪ್ರಶಸ್ತಿ ಗೆಲ್ಲಲು ನೆರವಾದರು. ಮರುವರ್ಷ ಮತ್ತೆ ಸ್ಟಾರ್ಟರ್ ಆಗಿ, ಜುಲೈನಲ್ಲಿ ಒಂದೂ ಹಿಟ್ ಕೊಡದ ಪಂದ್ಯ ಹಾಕಿದರು.

ಮರಳುವಾಗ ಅವಸರ ಮಾಡಬಾರದು. 30 ಎಸೆತದಿಂದ ಶುರುಮಾಡಿ ಐದು ದಿನಕ್ಕೊಮ್ಮೆ ಸುಮಾರು 15ರಂತೆ ಏರಿಸಿದರೆ 90 ಮುಟ್ಟಲು ಸುಮಾರು ಮೂರು ವಾರ ಬೇಕು. ಹಂಗಾಮಿನ ನಡುವೆ ಹಾಗೆ ಏರಿಸುವುದು ಕಷ್ಟವಾದ್ದರಿಂದ, ಸಂದೇಹವಿದ್ದರೆ ಮೊದಲಿಗೆ ಎರಡು ಮೂರು ಇನಿಂಗ್ಸ್ ಹಾಕುವ ಲಾಂಗ್ ರಿಲೀಫ್ ಕೆಲಸ ಕೊಟ್ಟು ನೋಡುವುದೇ ನಮ್ಮ ಸಲಹೆ.

ನಡುವಿನ ದಾರಿ ಎಂದರೆ ಓಪನರ್. ಟ್ಯಾಂಪಾ ಬೇ 2018ರ ಮೇ 19ರಂದು ರಿಲೀವರ್ ಸರ್ಜಿಯೊ ರೊಮೊ ಅವರಿಂದ ಮೊದಲ ಇನಿಂಗ್ಸ್ ಹಾಕಿಸಿತು. ಎದುರಾಳಿಯ ಅತ್ಯುತ್ತಮ ಬ್ಯಾಟರ್‌ಗಳು ಸರದಿಯ ಆರಂಭದಲ್ಲೇ ಇರುತ್ತಾರೆ. ಅವರನ್ನು ಓಪನರ್ ಮುಗಿಸಿಕೊಟ್ಟರೆ, ನಂತರ ಬರುವ ಸ್ಟಾರ್ಟರ್ ನಾಲ್ಕೈದು ಇನಿಂಗ್ಸ್ ಹಾಕಿಯೂ ಅವರನ್ನು ಮೂರನೇ ಸಲ ನೋಡದೆ ಪಾರಾಗಬಹುದು.

ಪ್ರಶ್ನೆ: ನನ್ನ ಮಗನಿಗೆ 12 ವರ್ಷ. ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್) ಆಡುತ್ತಾನೆ. ಕೋಚ್ ಅವನನ್ನು ಸ್ಟಾರ್ಟರ್ ಸ್ಥಾನದಿಂದ ತೆಗೆದು ಕೊನೆಯ ಎರಡು ಇನಿಂಗ್ಸ್‌ಗೆ ಹಾಕುತ್ತಿದ್ದಾರೆ. ಮಗು ಮಂಕಾಗಿದ್ದಾನೆ.
(ನ್ಯೂಜೆರ್ಸಿಯ ಓದುಗರು)

ಉತ್ತರ: ತಾಯಿ, ಆ ವಯಸ್ಸಿನಲ್ಲಿ ಸ್ಟಾರ್ಟರ್, ರಿಲೀವರ್ ಎಂಬ ಭೇದಕ್ಕೆ ಅರ್ಥವೇ ಇಲ್ಲ. ಮುಂದಿನ ವರ್ಷ ಎತ್ತರ ನಾಲ್ಕು ಬೆರಳು ಏರಿದರೆ ಎಲ್ಲವೂ ಬದಲಾಗುತ್ತದೆ. ನೀವು ಲೆಕ್ಕ ಇಡಬೇಕಾದ್ದು ಎಸೆತಗಳದ್ದು. ಲಿಟಲ್ ಲೀಗ್‌ನಲ್ಲಿ 11, 12 ವರ್ಷದವರಿಗೆ ದಿನಕ್ಕೆ 85ರ ಮಿತಿ. 20ರವರೆಗೆ ಹಾಕಿದರೆ ಕಡ್ಡಾಯ ವಿರಾಮವಿಲ್ಲ, 21ರಿಂದ 35ಕ್ಕೆ ಒಂದು ದಿನ, 36ರಿಂದ 50ಕ್ಕೆ ಎರಡು, 51ರಿಂದ 65ಕ್ಕೆ ಮೂರು, 66 ದಾಟಿದರೆ ನಾಲ್ಕು ದಿನ. ಕೊನೆಯಲ್ಲಿ ಬರುವ ಹುಡುಗನಿಗೆ ಅಪಾಯ ಅಡಗಿರುವುದು ಆ 20ರೊಳಗಿನ ಸಾಲಿನಲ್ಲೇ. ‘ಇವತ್ತು ಹದಿನೆಂಟೇ ತಾನೆ’ ಎಂದು ಮರುದಿನವೂ ಎಸೆಸುತ್ತಾರೆ. ತೋಳು ಕಾಯಿಸಿದ ಎಸೆತಗಳು ಈ ಲೆಕ್ಕಕ್ಕೆ ಸೇರುವುದೂ ಇಲ್ಲ. ನೀವೇ ಒಂದು ಪುಟ್ಟ ಪುಸ್ತಕದಲ್ಲಿ ಎರಡನ್ನೂ ಬರೆದಿಡಿ.

ಇನ್ನೊಂದು: ಅದೇ ಪಂದ್ಯದಲ್ಲಿ ಅವನನ್ನು ಕ್ಯಾಚರ್ ಆಗಿಯೂ ನಿಲ್ಲಿಸುತ್ತಾರೆಯೇ ನೋಡಿ. 41 ಎಸೆತ ಹಾಕಿದ ಮೇಲೆ ಆ ದಿನ ಕ್ಯಾಚರ್ ಆಗುವಂತಿಲ್ಲ ಎಂಬ ನಿಯಮವಿದೆ. ಕಡಿಮೆ ಹಾಕಿದ್ದರೂ ಬೇಡ ಎಂದು ಕೋಚ್‌ರನ್ನು ಕೇಳಿಕೊಳ್ಳಿ, ಯಾಕೆಂದರೆ ಕ್ಯಾಚರ್ ಪ್ರತಿ ಎಸೆತವನ್ನೂ ಪಿಚರ್‌ಗೆ ವಾಪಸು ಎಸೆಯುತ್ತಾನೆ. ಮೊಣಕೈ ಒಳಬದಿ ನೋವು ಎಂದು ಮಗು ಹೇಳಿದ ದಿನ ಎಸೆಯುವುದನ್ನು ಪೂರ್ತಿ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬೆಳೆಯುತ್ತಿರುವ ಮೂಳೆಯ ತುದಿ ಅಲ್ಲೇ ಇರುತ್ತದೆ.