ಖಾಲಿ ಲೆಟರ್‌ಹೆಡ್ ಮೇಲಿನ ಸಹಿ

ಪ್ರಶ್ನೆ: ಮೇಡಂ, ನಾನು ತಾಲೂಕು ಕೋರ್ಟಿನಲ್ಲಿ ಹನ್ನೊಂದು ವರ್ಷದಿಂದ ವಕೀಲರ ಗುಮಾಸ್ತ. ನಮ್ಮ ಸರ್ ವಾರಕ್ಕೆ ಮೂರು ದಿನ ಬೆಂಗಳೂರಿನ ಹೈಕೋರ್ಟಿನಲ್ಲಿರುತ್ತಾರೆ. ಲೆಟರ್‌ಹೆಡ್‌ಗೆ ಮೊದಲೇ ಸಹಿ ಹಾಕಿಟ್ಟು ಹೋಗುತ್ತಾರೆ. ಚೆಕ್ ಬೌನ್ಸ್ ನೋಟಿಸು ನಾನೇ ಬರೆದು ಕಳಿಸುತ್ತೇನೆ. ಮೊನ್ನೆ ಕಕ್ಷಿದಾರರೊಬ್ಬರು ‘ರಾಜಿ ಆಗಲಾ, ಕೇಸು ನಡೆಸಲಾ?’ ಅಂತ ಕೇಳಿದರು. ‘ನಡೆಸಿ, ಗೆಲ್ತೀರಿ’ ಅಂದುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಗೊತ್ತಿರುವುದನ್ನು ಹೇಳಿದರೆ ತಪ್ಪಾ?
– ಹೆಸರು ಬೇಡ

ಉತ್ತರ: ನಿದ್ದೆ ನಿಮಗಿಂತ ಮೊದಲು ನಿಮ್ಮ ಸರ್‌ಗೆ ಕೆಡಬೇಕಿತ್ತು.

1999ರಲ್ಲಿ ನನ್ನ ಆಫೀಸಿನಲ್ಲೇ ಒಂದು ಎಡವಟ್ಟಾಯಿತು. ಅಡಿಕೆ ವ್ಯಾಪಾರಿಯೊಬ್ಬರ ಚೆಕ್ಕು, ನಲವತ್ತು ಸಾವಿರದ್ದು. ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ಆ ತಿಂಗಳನ್ನು ನಮ್ಮ ಗುಮಾಸ್ತರು ಎದುರು ಪಾರ್ಟಿಯ ಉತ್ತರ ಬಂದ ದಿನದಿಂದ ಎಣಿಸಿದ್ದರು. ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಮುದ್ದಾಗಿ ಬರೆದಿದ್ದರು. ನೋಟಿಸು ಮುಟ್ಟಿದ ದಿನ ತೋರಿಸುವ ಅಂಚೆಯ ಸ್ವೀಕೃತಿ ಕಾರ್ಡು ಫೈಲಿಗೇ ಪಿನ್ ಮಾಡಿತ್ತು. ನಾನು ತಿರುಗಿಸಿ ನೋಡಲಿಲ್ಲ, ಸಹಿ ಹಾಕಿದೆ. ದೂರು ನಾಲ್ಕು ದಿನ ತಡ. ಆಗ ಆ ತಡ ಮನ್ನಿಸುವ ಅಧಿಕಾರವೇ ಕೋರ್ಟಿಗಿರಲಿಲ್ಲ, ಅದು ಬಂದದ್ದು 2003ರಲ್ಲಿ. ದೂರು ವಜಾ ಆಯಿತು. ವ್ಯಾಪಾರಿಯ ಮುಂದೆಯೇ ಗುಮಾಸ್ತರನ್ನು ಬೈದೆ. ಬೈಗುಳ ನನಗೆ ಸಲ್ಲಬೇಕಿತ್ತು. ಆಮೇಲೆ ಸಿವಿಲ್ ದಾವಾ ಹಾಕಿದೆವು, ಕೋರ್ಟ್ ಫೀ ನಾನೇ ಕಟ್ಟಿದೆ.

ಈಗ ನಿಮ್ಮ ಮಾತು. ಕರಡು ಬರೆಯಿರಿ, ನಕಲಿಗೆ ಅರ್ಜಿ ಹಾಕಿ, ವಾಯಿದೆ ತಿಳಿಸಿ, ಇದೆಲ್ಲ ನಿಮ್ಮ ಕೆಲಸವೇ. ಹನ್ನೊಂದು ವರ್ಷ ಪಳಗಿದವರು ಹೊಸ ವಕೀಲರಿಗಿಂತ ಚೆನ್ನಾಗಿ ಮಾಡ್ತೀರಿ, ನನಗೆ ಗೊತ್ತು. ಆದರೆ ರಾಜಿ ಆಗಬೇಕೋ ಬೇಡವೋ ಅನ್ನುವುದು ಕಾನೂನಿನ ಸಲಹೆ. ಎದುರಿನವನ ಹತ್ತಿರ ವಸೂಲಿಗೆ ಏನಿದೆ, ಇವರು ಎಷ್ಟು ವರ್ಷ ಕಾಯಬಲ್ಲರು, ಇದನ್ನೆಲ್ಲ ತೂಗಿ ಹೇಳಿ, ಹೇಳಿದ್ದಕ್ಕೆ ಜವಾಬ್ದಾರಿ ಹೊರುವವರು ವಕೀಲರು. 1961ರ ವಕೀಲರ ಕಾಯ್ದೆಯಲ್ಲಿ ವಕೀಲಿ ವೃತ್ತಿ ನಡೆಸುವ ಹಕ್ಕು ಸನ್ನದು, ಅಂದರೆ ವಕೀಲರಾಗಿ ನೋಂದಣಿ, ಇದ್ದವರಿಗೆ ಮಾತ್ರ. ಸನ್ನದಿಲ್ಲದೆ ಕೋರ್ಟಿನಲ್ಲಿ ವಕೀಲಿ ಮಾಡಿದರೆ ಆರು ತಿಂಗಳವರೆಗೆ ಜೈಲು. ಒಂದು ಮಾತಿಗೆ ನಿಮ್ಮನ್ನು ಯಾರೂ ಜೈಲಿಗೆ ಹಾಕಲ್ಲ, ಹೆದರಬೇಡಿ. ಆದರೆ ಆ ಖಾಲಿ ಲೆಟರ್‌ಹೆಡ್ ಬೇರೆ ವಿಷಯ. ಓದದೆ ಸಹಿ ಹಾಕಿದ್ದಕ್ಕೆ ಯಾರಾದರೂ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟರೆ ಉತ್ತರ ಹೇಳಬೇಕಾದವರು ನಿಮ್ಮ ಸರ್. ‘ಗುಮಾಸ್ತ ಬರೆದ’ ಅಂದು ಕೈತೊಳೆದುಕೊಳ್ಳಲು ಆಗಲ್ಲ.

ಉಳಿದ ಲೆಟರ್‌ಹೆಡ್‌ಗಳನ್ನು ನಾಳೆಯೇ ಸರ್ ಮೇಜಿನ ಮೇಲಿಡಿ. ‘ನೋಟಿಸು ವಾಟ್ಸಾಪ್ ಮಾಡ್ತೀನಿ ಸರ್, ನೀವು ಓದಿ ಸರಿ ಅಂದ ಮೇಲೆ ಟೈಪ್ ಮಾಡಿಸ್ತೀನಿ, ಬಂದು ಸಹಿ ಹಾಕಿ’ ಅನ್ನಿ. ಚೆಕ್ ಬೌನ್ಸ್ ಆಯಿತೆಂದು ತಿಳಿಸುವ ಬ್ಯಾಂಕಿನ ಮೆಮೊ ಕೈಗೆ ಬಂದ ದಿನದಿಂದ ನೋಟಿಸಿಗೆ ಈಗ 30 ದಿನ ಇದೆ. ಸರ್ ವಾಪಸು ಬರುವ ತನಕ ಕಾಯಬಹುದು, ಅಲ್ವಾ? ಡೈರಿಯಲ್ಲಿ ಕೊನೆಯ ದಿನದ ಜೊತೆಗೆ ಅದಕ್ಕೆ ಹತ್ತು ದಿನ ಮೊದಲೂ ಒಂದು ಗುರುತು ಹಾಕಿ. ಅದರ ಎದುರಿಗೆ ಸರ್ ಸಹಿ ತೆಗೆದುಕೊಳ್ಳಿ. ಮುನಿಸಿಕೊಂಡರೆ ನನ್ನ 1999ರ ಕಥೆ ಹೇಳಿ.

ಅದಕ್ಕೂ ಮೊದಲು ಆ ಕಕ್ಷಿದಾರರಿಗೆ ಫೋನ್ ಮಾಡಿ. ‘ಅವತ್ತು ಸುಮ್ನೆ ಬಾಯಿಗೆ ಬಂದದ್ದು ಹೇಳಿದೆ, ಸರ್ ಹತ್ರ ಕೂತು ಮಾತಾಡಿ’ ಅನ್ನಿ.